ಮೊದಲ ಹಾಳೆ

ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಮೂವತ್ತು ವರ್ಷ ಸರ್ಕಾರಿ ಕುರ್ಚಿ ಸವೆಸಿದವನ ಬಾಯಲ್ಲಿ ಈ ಮಾತು ಕೇಳಿದರೆ ಯಾರಿಗಾದರೂ ನಗು ಬರಬೇಕು, ನನ್ನ ಹೆಂಡತಿಗಂತೂ ಬರುತ್ತದೆ. ನಿವೃತ್ತಿಯಾದ ಮೇಲೆ ಬೆಳಗಿನ ಚಹಾ ಮುಗಿದದ್ದೇ ತಡ, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೇನೆ. ಮೊನ್ನೆಮೊನ್ನೆಯವರೆಗೆ, ಒಂದು ದಿನ ವಾಡಿ ಜಂಕ್ಷನ್ನಿಗೆ ಹೋಗಿ, ಯಾವ ಗಾಡಿಯನ್ನೂ ಹತ್ತದೆ, ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ಅಡ್ಡಾಡಿ ಬರುತ್ತಿದ್ದೆ. ಇನ್ನೊಂದು ದಿನ ಬಸ್ಸು ಹತ್ತಿ ಮಳಖೇಡದಲ್ಲಿ ಇಳಿದು, ಕಾಗಿಣಾ ನದಿಯ ಸೇತುವೆ ಮೇಲೆ ಸ್ವಲ್ಪ ಹೊತ್ತು ನಿಂತು, ಮುಂದಿನ ಬಸ್ಸಿಗೆ ವಾಪಸು. ಕಾಲಿಗೆ ಗಾಲಿ ಕಟ್ಟಿಕೊಂಡಿದ್ದೀರಿ ಎಂದು ಹೆಂಡತಿ ಬೈಯುತ್ತಾಳೆ. ಈ ಗಾಲಿ ಯಾವಾಗ ಕಟ್ಟಿಕೊಂಡೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ನಾನು ತಾಲೂಕು ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲ ಕಡೆಯ ನೀರು ಕುಡಿದಿದ್ದೇನೆ. ಎಲ್ಲಿ ಹೋದರೂ ನೆಲಕ್ಕೆ ಅದೇ ಫರಸಿ ಕಲ್ಲು, ಕಪಾಟಿನಲ್ಲಿ ಅದೇ ಕೆಂಪು ದಾರದ ಕಡತ. ಹಾಗಾಗಿ ಊರಿನ ಹೆಸರು ತಿಳಿಯದಿದ್ದರೆ ಓದುವವರಿಗೆ ನಷ್ಟವೇನಿಲ್ಲ.

ಚುನಾವಣೆ ಬಂದಾಗ, ದೊಡ್ಡ ಹಬ್ಬ ಬಂದಾಗ ನಮ್ಮಲ್ಲಿ ಒಂದು ಕೆಲಸ ಇರುತ್ತಿತ್ತು. ಠಾಣೆಯಿಂದ ಒಂದು ಪಟ್ಟಿ ಬರುತ್ತಿತ್ತು. ಇಂಥಿಂಥವರು ಶಾಂತಿಗೆ ಭಂಗ ತರಬಹುದು, ಇವರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳಿ ಎಂದು. ಮಾಡಿದ ತಪ್ಪಿಗಲ್ಲ, ಮುಂದೆ ಮಾಡಬಹುದಾದ ತಪ್ಪಿಗೆ. ಇಷ್ಟು ತಿಂಗಳು ಗಲಾಟೆ ಮಾಡುವುದಿಲ್ಲ ಎಂದು ಆ ಜನ ತಹಶೀಲ್ದಾರರ ಮುಂದೆ ಬಂದು ಸಹಿ ಹಾಕಬೇಕು. ಪಟ್ಟಿ ಹೇಗೆ ತಯಾರಾಗುತ್ತಿತ್ತು ಎಂಬುದೂ ಗುಟ್ಟೇನಲ್ಲ. ಹೋದ ಸಲದ ಪಟ್ಟಿ ತೆಗೆದು ತಾರೀಖು ಬದಲಿಸುವುದು, ಕೆಳಗೆ ನಾಲ್ಕು ಹೊಸ ಹೆಸರು ಸೇರಿಸುವುದು. ಸತ್ತವರ ಹೆಸರು ತೆಗೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ನಮ್ಮ ನೋಟೀಸು ಹಿಡಿದ ಠಾಣೆಯ ಸಿಪಾಯಿ ಸತ್ತವರ ಮನೆಗೂ ಹೋಗಿ ಬರುತ್ತಿದ್ದ.

ಮುಚ್ಚಳಿಕೆಯ ಫಾರಂ ಎರಡು ಹಾಳೆಯದು. ನಿನ್ನ ಬಗ್ಗೆ ನಮಗೆ ಬಂದ ಮಾಹಿತಿ ಏನು, ಯಾವ ಕಾರಣಕ್ಕೆ ನಿನ್ನನ್ನು ಕರೆಸಿದ್ದೇವೆ, ನಿನ್ನದೇನಾದರೂ ಹೇಳುವುದಿದೆಯೇ ಎಂಬುದು ಮೊದಲ ಹಾಳೆ. ಕಾರಣ ಬರೆಯಲು ಅದರಲ್ಲಿ ಆರು ಖಾಲಿ ಸಾಲು ಇದ್ದವು. ಅದನ್ನು ಅಧಿಕಾರಿಯೇ ತುಂಬಬೇಕು. ಎರಡನೆಯ ಹಾಳೆ ಸಹಿಗೆ. ಅದರ ಮೊದಲ ಸಾಲು ‘ಮೇಲ್ಕಂಡ ಕಾರಣಗಳನ್ನು ಓದಿ ತಿಳಿದುಕೊಂಡು’ ಎಂದು ಶುರುವಾಗುತ್ತಿತ್ತು.

ಒಂದು ಚುನಾವಣೆಯ ಹೊತ್ತಿಗೆ ಪಟ್ಟಿ ಉದ್ದವಾಗಿತ್ತು, ಕಾಗದದ ಕಟ್ಟು ಅರ್ಧ ಉಳಿದಿತ್ತು. ಜನ ಹೊರಗೆ ಸಾಲುಗಟ್ಟಿದ್ದರು. ನಾನೇ ಅಧಿಕಾರಿಗಳ ಬಳಿ ಹೋಗಿ, ಮೊದಲ ಹಾಳೆಯನ್ನು ಯಾರೂ ಓದುವುದಿಲ್ಲ, ಆರು ಸಾಲು ತುಂಬಲು ತಮಗೂ ಸಮಯವಿಲ್ಲ, ಸಹಿಯ ಹಾಳೆಯನ್ನಷ್ಟೇ ತೆಗೆಯಲೇ ಎಂದು ಕೇಳಿದೆ. ಅವರು ತಲೆಯೆತ್ತಿ ನೋಡಿ, ಭಾಳ ಶಾಣ್ಯಾ ಇದ್ದೀ ಎಂದರು. ಆ ಹೊಗಳಿಕೆಯ ಅಮಲು ಒಂದು ವಾರ ಇಳಿಯಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅಂದಿನಿಂದ ಅದೇ ಪದ್ಧತಿಯಾಯಿತು. ಕಂಪ್ಯೂಟರಿನಲ್ಲಿ ಮೊದಲ ಹಾಳೆಯನ್ನು ಅಳಿಸಿದೆ. ಎರಡನೆಯ ಹಾಳೆಯ ಕೆಳಗೆ ಫಾರಂ ಮಾಡಿದವರು ಕೂರಿಸಿಟ್ಟಿದ್ದ ‘2’ ಎಂಬ ಅಂಕಿಯನ್ನು ತೆಗೆಯುವುದು ಹೇಗೆಂದು ಮಾತ್ರ ನನಗೆ ತಿಳಿಯಲಿಲ್ಲ, ಹಾಗೇ ಬಿಟ್ಟೆ.

ಆ ಪಟ್ಟಿಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಮನೆಗಳಿಗೆ ಫರಸಿ ಕೂರಿಸುವ ಕೆಲಸ. ನಮ್ಮ ಕಚೇರಿಯ ಪಡಸಾಲೆಗೂ ಅವನೇ ಕಲ್ಲು ಹಾಸಿದ್ದ. ಹರೆಯದಲ್ಲಿ ಒಂದು ಬೇಸಿಗೆ, ಅವನ ಓಣಿಯನ್ನು ಬಿಟ್ಟು ಮುಂದೆ ಹೋಗುತ್ತಿದ್ದ ನೀರಿನ ಟ್ಯಾಂಕರಿನ ಮುಂದೆ ಕೂತುಬಿಟ್ಟಿದ್ದನಂತೆ. ಅವನು ಮಾಡಿದ ಗಲಾಟೆ ಅಷ್ಟೇ. ಅಂದು ಪಟ್ಟಿಗೆ ಸೇರಿದ ಹೆಸರು ಮತ್ತೆ ಇಳಿಯಲಿಲ್ಲ. ಪ್ರತಿ ಸಲ ಒಗೆದ ಅಂಗಿ ತೊಟ್ಟು ಬರುತ್ತಿದ್ದ, ತಾನೇ ಹಾಸಿದ ನೆಲದ ಮೇಲೆ ಕೂತು ಕಲ್ಲಿನ ಸಂದಿಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಕರೆದಾಗ ಎದ್ದು ಬಂದು, ಕಷ್ಟಪಟ್ಟು ಕಲಿತ ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಹಾಕುತ್ತಿದ್ದ. ಒಮ್ಮೆ ಮಾತ್ರ, ತಾನು ಏನು ಮಾಡಿದ್ದೇನೆಂದು ಬರೆದಿದ್ದೀರಿ ಎಂದು ಕೇಳಿದ್ದ. ಬರೇ ಸಹಿ, ಅದರಿಂದ ನಿನಗೇನು ಮೈ ಸವೆಯುತ್ತದೆ ಎಂದು ನಾನು ಗದರಿಸಿ ಕಳಿಸಿದ್ದೆ.

ಇನ್ನೊಂದು ವರ್ಷ ಅವನು ಕರೆಯುವ ಮೊದಲೇ ಬಂದ. ನಾಳೆ ಮಗಳನ್ನು ನೋಡಲು ಬೀಗರು ಬರುತ್ತಾರೆ, ಮನೆಗೆ ಸಿಪಾಯಿ ಕಳಿಸಬೇಡಿ, ಈಗಲೇ ಸಹಿ ಹಾಕುತ್ತೇನೆ ಎಂದ. ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಸುಳ್ಳು. ನೋಟೀಸಿಗೆ ತಾರೀಖು ಹಾಕುತ್ತಿದ್ದವನು ನಾನೇ. ಆದರೆ ಒಬ್ಬನಿಗಾಗಿ ಸಾಲು ಕೆಡಿಸಲು ನನಗೆ ಬೇಜಾರು. ಮರುದಿನ ನೋಟೀಸು ತಂದ ಸಿಪಾಯಿಯ ಪೊಲೀಸ್ ಗಾಡಿ ಬಾಗಿಲ ಮುಂದೆ ನಿಂತಾಗ ಬೀಗರು ಒಳಗೆ ಊಟಕ್ಕೆ ಕೂತಿದ್ದರು. ಅರ್ಧ ಊಟಕ್ಕೇ ಎದ್ದು ಹೋದರೆಂದು ಆಮೇಲೆ ಚಹಾ ಅಂಗಡಿಯಲ್ಲಿ ಯಾರೋ ಹೇಳಿದರು. ಮುಂದಿನ ಸಲ ಅವನು ಬಂದು ನೆಲದ ಮೇಲೆ ಕೂತಾಗ ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ, ಕಡತ ಹಿಡಿದು ಅತ್ತಿತ್ತ ಅಡ್ಡಾಡಿದೆ; ಕಾಲಿಗೆ ಗಾಲಿ ಬಂದದ್ದು ಅಂದೇ.

ನಿವೃತ್ತಿಯಾಯಿತು. ನಮ್ಮ ಗಲ್ಲಿಯ ಹಿಂದೆ ಕಲ್ಲಿಗೆ ಪಾಲಿಶ್ ಹಿಡಿಯುವ ಶೆಡ್ಡು ಬಂತು. ಅದರ ಬಿಳಿ ರಾಡಿ ನಮ್ಮ ಗಟಾರಕ್ಕೆ ಹರಿದು, ಗಟ್ಟಿಯಾಗಿ, ಗಟಾರವೇ ರಸ್ತೆಗೆ ಉಕ್ಕತೊಡಗಿತು. ಅರ್ಜಿ ಬರೆದೆ. ಅರ್ಜಿಯ ಗತಿ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕೊನೆಗೆ ಈ ಸಲದ ಚುನಾವಣೆಯ ಹೊತ್ತಿಗೆ ಸಿಟ್ಟು ನೆತ್ತಿಗೇರಿ, ಒಂದು ಫರಸಿ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ‘ಮತ ಕೇಳುವವರು ಈ ಗಟಾರ ದಾಟಿ ಬರಬೇಕು’ ಎಂದು ಬರೆದು ಮನೆಯ ಮುಂದೆ ಗೋಡೆಗೆ ಆನಿಸಿ ನಿಲ್ಲಿಸಿದೆ. ಓಣಿಯ ಜನ ನಕ್ಕರು. ಒಂದಿಬ್ಬರು ನಿಂತು ಫೋಟೋ ತೆಗೆದುಕೊಂಡರು. ನಾಲ್ಕನೆಯ ದಿನ ಕಲ್ಲು ಮಾಯವಾಯಿತು. ಐದನೆಯ ದಿನ ಸಿಪಾಯಿ ಬಂದು ನೋಟೀಸು ಕೊಟ್ಟ. ಶಾಂತಿಗೆ ಭಂಗ ತರುವ ಸಂಭವವಿರುವುದರಿಂದ ಇಂಥ ದಿನ ಹಾಜರಾಗಿ ಮುಚ್ಚಳಿಕೆ ಬರೆದುಕೊಡಬೇಕು ಎಂದಿತ್ತು. ಆ ವಾಕ್ಯವನ್ನು ಎಷ್ಟು ನೂರು ಸಲ ಟೈಪ್ ಮಾಡಿದ್ದೆನೋ, ಅದರ ಕೆಳಗಿದ್ದ ನನ್ನ ಹೆಸರನ್ನು ಎರಡೆರಡು ಸಲ ಓದಿಕೊಂಡೆ.

ಅದಾದ ಮೂರು ದಿನ ನಾನು ಮನೆಯಲ್ಲಿ ನಿಲ್ಲಲಿಲ್ಲ. ಮೊದಲ ದಿನ ವಾಡಿಯಲ್ಲಿ ಪ್ಲಾಟ್‌ಫಾರಂ ತುಳಿದೆ. ಎರಡನೆಯ ದಿನ ಚಿಂಚೋಳಿಗೆ ಹೋದೆ, ಅಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಳೆಯ ಸಹೋದ್ಯೋಗಿಯ ಮನೆಯಿದೆ. ಅವನು ಚಂದ್ರಂಪಳ್ಳಿ ಕೆರೆಯ ಮೀನು ತರಿಸಿ ಊಟ ಹಾಕಿಸಿ, ಸಹಿ ಹಾಕಿ ಬಾ ಮಾರಾಯ, ಬರೇ ಸಹಿ, ನಿನಗೇನು ಮೈ ಸವೆಯುತ್ತದೆ ಎಂದ. ನನ್ನ ಮಾತನ್ನೇ ನನಗೆ ತಿರುಗಿಸುತ್ತಿದ್ದಾನೆಂದು ಅವನಿಗೇನು ಗೊತ್ತು? ತಟ್ಟೆ ಸರಿಸಿ ಎದ್ದೆ. ಮೂರನೆಯ ದಿನ ಬಸ್ಸಿನಲ್ಲಿ ಕೂತು ಯೋಚಿಸಿದೆ. ಸರ್ಕಾರಕ್ಕೆ ನನ್ನನ್ನು ಕರೆಯುವ ಅಧಿಕಾರ ಇರಬಹುದು, ಗಲಭೆಯಾಗುವ ಕಡೆ ನಾಲ್ಕು ಜನರನ್ನು ತಡೆಯಬೇಕೂ ಆಗಬಹುದು. ಆದರೆ ಯಾಕೆ ಎಂದು ಹೇಳದೆ ಕರೆಯುವ ಅಧಿಕಾರವನ್ನು ನಾನು ಯಾವ ಚುನಾವಣೆಯಲ್ಲೂ ಯಾರಿಗೂ ಕೊಟ್ಟಿಲ್ಲ. ಬಾ, ಮತ ಹಾಕು ಎಂದು ಒಂದು ಕೈಯಲ್ಲಿ ಕರೆದು, ಬಾಯಿ ಮಾತ್ರ ತೆರೆಯಬೇಡ ಎಂದು ಇನ್ನೊಂದು ಕೈಯಲ್ಲಿ ಬರೆಸಿಕೊಳ್ಳುವುದು ಯಾವ ನ್ಯಾಯ? ಹೀಗೆಲ್ಲ ಕುದಿಯುತ್ತ, ಇಳಿಯುವ ಸ್ಟಾಪು ತಪ್ಪಿ ಒಂದು ಮೈಲಿ ವಾಪಸು ನಡೆದೆ.

ಕರೆದ ದಿನ ನನ್ನ ಹಳೆಯ ಕಚೇರಿಗೇ ಹೋದೆ. ಪಡಸಾಲೆಯಲ್ಲಿ ಹತ್ತಿಪ್ಪತ್ತು ಜನ ನೆಲದ ಮೇಲೆ ಕೂತಿದ್ದರು. ಅವರ ನಡುವೆ ಮೇಸ್ತ್ರಿಯೂ ಇದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಹಳೆಯ ನೌಕರ ಏನೋ ಕೆಲಸಕ್ಕೆ ಬಂದಿದ್ದಾನೆ ಎಂದುಕೊಂಡು ಎದ್ದು ಕೈಮುಗಿದ. ನಾನೂ ಅವನ ಸಾಲಿನವನೇ ಎಂದು ತಿಳಿದಾಗ ಸರಿದು ಜಾಗ ಮಾಡಿಕೊಟ್ಟ. ನನಗೆ ಕೂರಲು ಆಗಲಿಲ್ಲ. ಅವನ ಸರದಿ ನನಗಿಂತ ಮೊದಲು ಬಂತು, ಒಳಗೆ ಹೋಗಿ ಸಹಿ ಹಾಕಿ ಬಂದು ಬಾಗಿಲ ಬಳಿ ಕೂತ.

ನನ್ನ ಕುರ್ಚಿಯಲ್ಲಿ ಈಗ ಒಬ್ಬ ಹೆಣ್ಣುಮಗಳು ಗುಮಾಸ್ತೆ. ಮರ್ಯಾದೆಯಿಂದ ಕುರ್ಚಿ ಎಳೆದು ಕೊಟ್ಟು ಹಾಳೆ ಮುಂದಿಟ್ಟಳು. ಕೆಳಗೆ ನೋಡಿದೆ, ‘2’ ಇತ್ತು. ಮೊದಲ ಹಾಳೆ ಕೊಡಿ ಎಂದೆ.

“ಮೊದಲ್ನೇ ಹಾಳಿನೇ ಇಲ್ರಿ ಸರ್,” ಎಂದಳು ಆಕೆ. “ನಾ ಬಂದಾಗಿಂದ ಇದು ಎರಡರಿಂದನೇ ಚಾಲೂ ಆಗ್ತದ.”

ಇದೆ, ನಾನು ಹೇಳುತ್ತೇನೆ, ಟೈಪ್ ಮಾಡಿ ಎಂದೆ. ಆಶ್ಚರ್ಯವೆಂದರೆ ಒಂದು ಶಬ್ದವೂ ಮರೆತಿರಲಿಲ್ಲ. ನಾನು ಹೇಳುತ್ತ ಹೋದೆ, ಆಕೆ ಟೈಪಿಸುತ್ತ ಹೋದಳು. ಬಂದ ಮಾಹಿತಿ ಏನು, ಕಾರಣ ಏನು, ಅದರ ಕೆಳಗೆ ಆರು ಖಾಲಿ ಸಾಲು. ಮುದ್ರಣವಾಗಿ ಹೊರಬಂದ ಬಿಸಿ ಹಾಳೆಯನ್ನು ಆಕೆಯೇ ಅಧಿಕಾರಿಗಳ ಮುಂದೆ ಇಟ್ಟಳು. ಅವರು ಪೆನ್ನು ತೆಗೆದರು. ಖಾಲಿ ಸಾಲು ನೋಡಿದರು, ನನ್ನನ್ನು ನೋಡಿದರು. ನಾನು ಕಲ್ಲಿನ ಮೇಲೆ ಬರೆದದ್ದನ್ನು ಅಲ್ಲಿ ಬರೆದರೆ ಗಟಾರವೂ ಕಡತಕ್ಕೆ ಬರುತ್ತದೆ. ಪೆನ್ನಿಗೆ ಟೊಪ್ಪಿ ಹಾಕಿ, ನೀವು ಹಿರಿಯರು, ಇಲಾಖೆಯವರೇ, ನಿಮಗೇಕೆ ಇದೆಲ್ಲ, ಹೋಗಿ ಬನ್ನಿ ಎಂದರು. ಸಹಿ ಹಾಕದೆ ಹೊರಬಂದೆ. ಗೆದ್ದೆ ಎನಿಸಿತು. ಕಾರಣ ತುಂಬದೆ ಬಿಟ್ಟ ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು ಪಡಸಾಲೆಯಲ್ಲಿ ಎದೆಯುಬ್ಬಿಸಿಯೇ ನಡೆದೆ.

ಹೊರಗೆ ಬೇವಿನ ಮರದ ಕೆಳಗೆ ಮೇಸ್ತ್ರಿ ನಿಂತಿದ್ದ. ಬಾಗಿಲ ಬಳಿ ಕೂತಿದ್ದವನಿಗೆ ಎಲ್ಲ ಕೇಳಿಸಿತ್ತು. ಹಾಳೆ ತೋರಿಸಿ ಎಂದ, ತೋರಿಸಿದೆ. ಅಕ್ಷರಗಳ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದ. ತಲೆಯೆತ್ತಿ, ಇದು ಮೊದಲಿನಿಂದಲೂ ಇತ್ತೇ ಎಂದು ಕೇಳಿದ. ಇತ್ತು ಎಂದೆ. ಬಿಸಿಲು ಜೋರಿತ್ತು, ನನ್ನ ಕಾಲು ಒಂದೇ ಸವನೆ ನೆಲ ಕೆರೆಯುತ್ತಿತ್ತು.

ನನಗೊಂದು ಅರ್ಜಿ ಬರೆದುಕೊಡಿ ಎಂದ. ಮಾಹಿತಿ ಕೇಳುವ ಅರ್ಜಿ. ತಾನು ಸಹಿ ಹಾಕಿದ ಪ್ರತಿ ವರ್ಷಕ್ಕೂ ಕಾರಣ ಏನಿತ್ತು ಎಂದು ಸರ್ಕಾರ ಹೇಳಬೇಕು. ಮರದ ಕಟ್ಟೆಯ ಮೇಲೆ ಬೇರೊಂದು ಬಿಳಿ ಹಾಳೆ ಇಟ್ಟುಕೊಂಡು ಬರೆದೆ. ಅರ್ಜಿ ಬರೆಯುವಾಗ ನನ್ನ ಕೈ ಎಲ್ಲೂ ನಿಲ್ಲುವುದಿಲ್ಲ, ಎಷ್ಟಾದರೂ ಗುಮಾಸ್ತನ ಕೈ. ಬರೆದು ಮುಗಿಸಿ ಸಹಿಗೆ ಕೊಡುವಷ್ಟರಲ್ಲಿ ಅವನು ತಡೆದ.

“ಇನ್ನೊಂದು ಬರೀರಿ,” ಎಂದ. “ಆ ಮೊದಲ್ನೇ ಹಾಳಿ ಯಾರು ತಗದ್ರು, ಅದೂ ಕೇಳ್ರಿ.”

ಪೆನ್ನು ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಹಾಳೆ ನೋಡುತ್ತಿದ್ದ. ಬರೆದು ಸುಮ್ಮನಿದ್ದರೂ ಆಗುತ್ತಿತ್ತು. ಉತ್ತರ ಬರಲು ತಿಂಗಳು ಬೇಕು, ಬಂದರೂ ಕಡತ ಲಭ್ಯವಿಲ್ಲ ಎಂದೇ ಬರಬಹುದು. ಅಂಥ ಉತ್ತರಗಳನ್ನೂ ನಾನು ಸಾಕಷ್ಟು ಬರೆದಿದ್ದೇನೆ. ಆದರೆ ಬೀಗರು ಬಿಟ್ಟು ಎದ್ದ ಆ ಊಟದ ತಟ್ಟೆಗಳು ಕಣ್ಣಿಗೆ ಬಂದವು. ನಾನು ನೋಡಿರದ ತಟ್ಟೆಗಳು.

“ಅದು ಕೇಳೂದು ಬ್ಯಾಡ,” ಎಂದೆ. “ತಗದವ ನಾನೇ. ಕಾಗದ ಉಳಸಾಕ.”

ಅವನು ಹಾಳೆಯಿಂದ ಕಣ್ಣೆತ್ತಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು ಅರ್ಜಿಯನ್ನು ನನ್ನ ಕಡೆಗೆ ಸರಿಸಿದ.

“ಆದ್ರೂ ಬರೀರಿ,” ಎಂದ. “ನೀವು ಹೇಳಿದ್ದು ನನಗ ಸಾಕಾಗಂಗಿಲ್ಲ. ಸರ್ಕಾರ ಬರದು ಹೇಳ್ಲಿ.”

ಬರೆದೆ. ಮೊದಲ ಹಾಳೆಯನ್ನು ಕೈಬಿಟ್ಟ ನೌಕರನ ಹೆಸರು ಮತ್ತು ಹುದ್ದೆ ತಿಳಿಸುವುದು ಎಂದು, ನನ್ನದೇ ಕೈಯಿಂದ, ದುಂಡಗೆ. ಅವನು ಎಂದಿನಂತೆ ನಿಧಾನವಾಗಿ ಸಹಿ ಹಾಕಿ, ಒಳಗೆ ಹೋಗಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದ. ಇವತ್ತಿಗೆ ಹತ್ತೊಂಬತ್ತು ದಿನ. ಬೆಳಿಗ್ಗೆ ಎದ್ದು ಈಗ ವಾಡಿಗೂ ಹೋಗುವುದಿಲ್ಲ, ಮಳಖೇಡಕ್ಕೂ ಹೋಗುವುದಿಲ್ಲ. ಅವನ ಓಣಿಗೆ ಹೋಗಿ, ಉತ್ತರ ಬಂತೇ ಎಂದು ಕೇಳಿ, ಇಲ್ಲ ಎನ್ನಿಸಿಕೊಂಡು ಬರುತ್ತೇನೆ.