ಗೇಟಿನ ಬಳಿಯ ಕೆಂಪು ಡಬ್ಬಿ

ಮಗ ದೂರದ ಸೆಂದಾಯಿ ನಗರದಲ್ಲಿ ಕೆಲಸದಲ್ಲಿದ್ದಾನೆ ಎಂದು ಮಿನೆಗಿಶಿ ತ್ಸುಯಾಕೊ ಕಟ್ಟಡದವರಿಗೆಲ್ಲ ಹೇಳಿಟ್ಟಿದ್ದಳು. ಮಗ ನೊಬುತಾಕ ಇದ್ದದ್ದು ಕೊದೈರಾದ ಅದೇ ಸರ್ಕಾರಿ ವಸತಿ ಕಟ್ಟಡದ ಮೂರನೇ ಮಹಡಿಯಲ್ಲಿ, ಅವಳ ಅಡುಗೆಮನೆಗೆ ಅಂಟಿಕೊಂಡ ಒಳಕೋಣೆಯಲ್ಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಒಂಟಿ ಹೆಂಗಸು ಇಬ್ಬರ ಅಕ್ಕಿ ಹೊತ್ತು ಮೆಟ್ಟಿಲು ಹತ್ತುವುದನ್ನು ನೋಡದಷ್ಟು ಕುರುಡರು ಅಲ್ಲಿ ಯಾರೂ ಇರಲಿಲ್ಲ. ಆದರೂ ಹೊಸ ವರ್ಷ ಬಂದಾಗ ಮಗ ಊರಿಗೆ ಬಂದನೇ ಎಂದು ವಿಚಾರಿಸುವರು. ಈ ಸಲವೂ ರಜೆ ಸಿಗಲಿಲ್ಲವಂತೆ ಎಂದು ಅವಳು ಹೇಳಿದರೆ, ಅಯ್ಯೋ ಪಾಪ ಎಂದು ತಲೆಬಾಗಿಸಿ ಹೋಗುವರು. ಗೊತ್ತಿದ್ದದ್ದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳುವುದೇ ಅಲ್ಲಿ ನೆರೆಹೊರೆಯ ಮರ್ಯಾದೆ.

ನೊಬುತಾಕ ಚಿಕ್ಕಂದಿನಿಂದ ಮಾಂಗಾ ಚಿತ್ರಕಥೆಗಳ ಹುಚ್ಚಿನವನು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತ್ತು. ಮೇಲಿನವನ ಬೈಗುಳ ತಡೆಯಲಾರದೆ ಒಂದು ಮಧ್ಯಾಹ್ನ ಮನೆಗೆ ಬಂದು ಹೊದ್ದು ಮಲಗಿದ. ಅಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. 'ಒತಾಕು' ಎಂದು ಉಗುಳಿದ ಹಾಗೆ ಅನ್ನುತ್ತಿದ್ದ. ಚಿತ್ರದ ಪುಸ್ತಕಕ್ಕೆ ಬಿದ್ದು ಬದುಕು ಬಿಟ್ಟವನು ಎಂದು ಅದರರ್ಥ. ಮಗ ಸ್ನಾನಕ್ಕೆ ಹೋಗಿದ್ದಾಗ ಅವನ ಕಪಾಟಿನ ಪುಸ್ತಕವನ್ನೆಲ್ಲ ದಾರದಲ್ಲಿ ಬಿಗಿದು ರದ್ದಿ ಲಾರಿಗೆ ಹಾಕಿಬಿಟ್ಟ. ದಾರ ಹಿಡಿದುಕೊಟ್ಟವಳು ತ್ಸುಯಾಕೊ. ಅಂದು ಎಳೆದುಕೊಂಡ ಬಾಗಿಲನ್ನು ಹುಡುಗ ಮತ್ತೆ ಅವರ ಕಣ್ಣೆದುರು ತೆರೆಯಲಿಲ್ಲ. ಅಪ್ಪ ಸತ್ತಾಗಲೂ ಹೊರಗೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಪಟದ ಮುಂದೆ ಅವಳು ಹಚ್ಚದ ಊದುಬತ್ತಿಯೊಂದು ಉರಿದು ಬೂದಿಯಾಗಿತ್ತು. ಆ ಬೂದಿಯನ್ನು ಎಷ್ಟೋ ದಿನ ಅವಳು ಒರೆಸಲಿಲ್ಲ.

ಈಗ ಅವಳಿಗೆ ಎಪ್ಪತ್ತು ದಾಟಿದೆ, ಅವನಿಗೆ ನಲವತ್ತು. ಬುತ್ತಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಅವಳಿಗೆ ಬೆಳಗಿನ ಪಾಳಿ. ಇನ್ನೂ ಕತ್ತಲಿರುವಾಗಲೇ ಮಗನ ತಿಂಡಿಯ ತಟ್ಟೆಯನ್ನು ಬಾಗಿಲ ಮುಂದಿಟ್ಟು ಹೊರಡುತ್ತಿದ್ದಳು. ಸೋಮವಾರ ಮರಳಿ ಬರುವಾಗ ಸ್ಟೇಷನ್ ಬಳಿಯ ಅಸಾನುಮಾ ಅವರ ಪುಸ್ತಕದಂಗಡಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಮಾಂಗಾ ವಾರಪತ್ರಿಕೆ ಕೊಂಡು ಊಟದ ತಟ್ಟೆಯ ಪಕ್ಕ ಇಡುವಳು. ಓದಿದ ಮೇಲೆ ಅದು ತಾನಾಗಿ ಬಾಗಿಲ ಹೊರಗೆ ಬರುತ್ತಿತ್ತು. ಒಳಗೆ ಏನನ್ನೂ ಇಟ್ಟುಕೊಳ್ಳದಿರಲು ಅವನು ಕಲಿತಿದ್ದ. ಅವಳು ಅದನ್ನು ತೆರೆದೂ ನೋಡದೆ ರದ್ದಿಗೆ ಕಟ್ಟುತ್ತಿದ್ದಳು. ಆ ಪುಸ್ತಕಗಳನ್ನು ಕಂಡರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಚಳಿಗಾಲದ ಕೊನೆಯ ಸೋಮವಾರ ಪತ್ರಿಕೆಯ ಮುಖಪುಟದ ಮೂಲೆಯಲ್ಲಿ ಹೊದಿಕೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತ ಗಂಡಸಿನ ಚಿತ್ರವಿತ್ತು. ಕೂತ ಭಂಗಿ ಥೇಟ್ ಹುಡುಗನಾಗಿದ್ದಾಗಿನ ನೊಬುವಿನದೇ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಜಾಗದಲ್ಲೇ ಕೂತು ಓದಿದಳು. 'ಬಾಗಿಲ ಹಿಂದಿನ ಮಹಾಪ್ರಭು' ಎಂಬ ಹೊಸ ಧಾರಾವಾಹಿ. ಅದರ ಮಹಾಪ್ರಭು ಕೋಣೆ ಬಿಟ್ಟು ಬರದ ಒತಾಕು: ಡೊಳ್ಳು ಹೊಟ್ಟೆ, ಹಬೆಗಟ್ಟಿದ ಕನ್ನಡಕ, ಹಣೆಯ ಮೇಲೆ ಯಾವಾಗಲೂ ಬೆವರ ಹನಿ, ಸುತ್ತ ಬೊಂಬೆ ಹುಡುಗಿಯರ ದಂಡು. ಊಟದ ತಟ್ಟೆ ಬಂದರೆ ಬೊಂಬೆಗಳ ಮುಂದೆ ರಾಜನ ಹಾಗೆ ಅಪ್ಪಣೆ ಕೊಡುತ್ತಾನೆ; ಕರೆಗಂಟೆ ಕೇಳಿದರೆ ಕಪಾಟಿನೊಳಗೆ ನುಗ್ಗುತ್ತಾನೆ. ಪುಟ ಪುಟಕ್ಕೂ ನಗು.

ಅವಳಿಗೆ ಮೈಯೆಲ್ಲ ಉರಿಯಿತು. ಯಾರದೋ ಮನೆಯ ಸಂಕಟ ಇವರಿಗೆ ತಮಾಷೆಯೇ ಎಂದು ಬೈದುಕೊಂಡಳು. ಅದಕ್ಕಿಂತ ಸಿಟ್ಟು ಬಂದದ್ದು ಆ ತಾಯಿಯನ್ನು ಕಂಡು. ಕಂಡು ಎಂದರೆ ಏನು, ಕಾಣುವುದಕ್ಕೆ ಅವಳಿಗೆ ಮುಖವೇ ಇರಲಿಲ್ಲ! ಬಾಗಿಲ ಕೆಳಗಿಂದ ತಟ್ಟೆ ನೂಕುವ ಎರಡು ಕೈ, ಏಪ್ರನ್ನಿನ ಒಂದು ಅಂಚು, ಅಷ್ಟೆ. ಆದರೆ ಮುಂದಿನ ಸೋಮವಾರ ತ್ಸುಯಾಕೊ ಅಂಗಡಿಗೆ ಬೇಗ ಬೇಗ ಹೆಜ್ಜೆ ಹಾಕಿದಳು. ಮಗನ ಕೋಣೆ ಒಳಗಿನಿಂದ ಹೇಗಿದೆಯೋ ಅವಳಿಗೆ ತಿಳಿಯದು. ಬೇರೆ ಯಾರೋ ಬರೆದ ಕೋಣೆಯನ್ನಾದರೂ ನೋಡಬಹುದಲ್ಲ. ಪುಟಕ್ಕೆ ಎಣ್ಣೆ ತಾಗಬಾರದೆಂದು ಮಹಾಪ್ರಭು ಕರಿದ ಕೋಳಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಊಟದ ಕಡ್ಡಿಯಲ್ಲಿ ತಿನ್ನುತ್ತಿದ್ದ. ಅವಳೂ ಹಾಗೆಯೇ ಕತ್ತರಿಸಿ ಇಟ್ಟಳು. ಅಂದು ತಟ್ಟೆ ತೊಳೆದಿಟ್ಟಷ್ಟು ಖಾಲಿಯಾಗಿ ಬಂತು. ಅಂದಿನಿಂದ ಅವಳಿಗೆ ಆ ಧಾರಾವಾಹಿ ಪಂಚಾಂಗವಿದ್ದ ಹಾಗೆ ಆಯಿತು. ಮಹಾಪ್ರಭುವಿಗೆ ಹಿಡಿಸಿದ್ದೆಲ್ಲ ಮಗನಿಗೂ ಹಿಡಿಸುತ್ತದೆ ಎಂದು ನಂಬಿದಳು.

ಚೆರ್ರಿ ಅರಳುವ ಹೊತ್ತಿಗೆ ಕಥೆಯಲ್ಲಿ ಮಹಾಪ್ರಭು ಮೊದಲ ಬಾರಿಗೆ ಬಾಗಿಲಿಗೆ ಕೈ ಹಚ್ಚಿದ. ಹಚ್ಚಿ ಹಿಂದಕ್ಕೆಳೆದುಕೊಂಡ. ಅದೇ ಹೊತ್ತಿಗೆ ಕಥೆ ಪತ್ರಿಕೆಯ ಕೊನೆಯ ಪುಟಗಳಿಗೆ ಸರಿದಿತ್ತು. ಯಾಕೆ ಹೀಗೆ ಎಂದು ಅವಳು ಅಸಾನುಮಾ ಅವರನ್ನು ಕೇಳಿದಳು. ಅವರು ಪತ್ರಿಕೆಯ ಒಳಗೆ ಹೊಲಿದಿದ್ದ ಗಟ್ಟಿ ಕಾಗದದ ಕಾರ್ಡು ಬಿಡಿಸಿ ತೋರಿಸಿದರು. ಓದುಗರು ಆ ವಾರ ಮೆಚ್ಚಿದ ಮೂರು ಕಥೆಗಳ ಗುರುತು ಹಾಕಿ, ಅದನ್ನು ಕತ್ತರಿಸಿ ಅಂಚೆಗೆ ಹಾಕಬೇಕು. ಮತ ಬಿದ್ದ ಕಥೆ ಮುಂದೆ ಬರುತ್ತದೆ, ಬೀಳದ್ದು ಹಿಂದಕ್ಕೆ ಹೋಗುತ್ತದೆ.

"ಇಷ್ಟು ಹಿಂದಕ್ಕೆ ಹೋಯ್ತು ಅಂದ್ರೆ ಸ್ಮಶಾನದ ಗೇಟಿಗೆ ಬಂತು ಅಂತ್ಲೇ ಲೆಕ್ಕ ಕಣಮ್ಮ," ಎಂದರು ಮುದುಕ. "ಇನ್ನು ಹೆಚ್ಚು ದಿನ ಬಾಳಲ್ಲ."

ಮಹಾಪ್ರಭು ಬಾಗಿಲು ತೆರೆಯುವ ಮೊದಲೇ ಕಥೆ ಸತ್ತರೆ? ಮಹಾಪ್ರಭು ಹೊರಗೆ ಬಂದ ದಿನ ನೊಬುವೂ ಬರುತ್ತಾನೆ ಎಂದು ಅವಳು ಒಳಗೊಳಗೇ ಗಂಟು ಹಾಕಿಕೊಂಡಿದ್ದಳು. ಹುಚ್ಚೇ ಸರಿ. ಆದರೆ ಹಿಡಿಯಲು ಬೇರೆ ಕೊಂಬೆ ಇಲ್ಲದವಳು ಏನು ಮಾಡಿಯಾಳು? ಅಂದಿನಿಂದ ಪ್ರತಿ ಸೋಮವಾರ, ತಟ್ಟೆಯ ಪಕ್ಕ ಪತ್ರಿಕೆ ಇಡುವ ಮೊದಲು, ಕತ್ತರಿಯಿಂದ ನೀಟಾಗಿ ಕಾರ್ಡು ಕತ್ತರಿಸಿ, ಮಹಾಪ್ರಭುವಿಗೆ ಗುರುತು ಹಾಕಿ, ಅನಿಸಿಕೆಯ ಜಾಗದಲ್ಲಿ 'ದಯವಿಟ್ಟು ತಾಯಿಗೂ ಒಂದು ಮುಖ ಬರೆಯಿರಿ' ಎಂದು ಬರೆದು, ಮರುದಿನ ಕಾರ್ಖಾನೆಯ ಹತ್ತಿರದ ಡಬ್ಬಿಗೆ ಹಾಕುತ್ತಿದ್ದಳು. ಇನ್ನೊಂದು ಪ್ರತಿ ಕೊಂಡುಕೊಳ್ಳಬಹುದಿತ್ತು. ಒಂದೇ ಪುಸ್ತಕವನ್ನು ಎರಡು ಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಅಲ್ಲದೆ, ಹೊರಗೆ ಕಾಲಿಡದ ಮಗನಿಗೆ ಅಂಚೆ ಕಾರ್ಡು ಯಾತಕ್ಕೆ?

ಬೇಸಿಗೆ ಕಳೆಯಿತು. ತಟ್ಟೆಗಳು ಮತ್ತೆ ಅರ್ಧ ಉಳಿದು ಬರತೊಡಗಿದವು. ಸೆಕೆಗೆ ಹಸಿವಿಲ್ಲ ಎಂದುಕೊಂಡಳು. ಒಳಗಿನಿಂದ ಮೊದಲು ಕೇಳುತ್ತಿದ್ದ ಸಣ್ಣ ಓಡಾಟದ ಸದ್ದೂ ಕಡಿಮೆಯಾಯಿತು. ಮಹಾಪ್ರಭುವನ್ನು ಉಳಿಸುವ ಗಡಿಬಿಡಿಯಲ್ಲಿ ಅವಳು ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ.

ಮಹಾಪ್ರಭು ಉಳಿಯಲಿಲ್ಲ. ಶರತ್ಕಾಲದ ಒಂದು ಸೋಮವಾರ 'ಮುಕ್ತಾಯ' ಎಂದು ಅಚ್ಚಾಗಿತ್ತು. ಪಾಪ, ಬರೆಯುವವನಿಗೆ ಇದೊಂದು ವಾರ ಅಂತ ಹೇಳಿಬಿಟ್ಟಿದ್ದರೇನೋ. ವರ್ಷಗಟ್ಟಲೆ ತೆರೆಯದ ಬಾಗಿಲನ್ನು ಮೂರೇ ಪುಟದಲ್ಲಿ ತೆರೆಸಿದ್ದ. ಹೊರಗೆ ಎಲ್ಲಿಂದಲೋ ಬಂದ ಹುಡುಗಿ, ಆಕಾಶದ ತುಂಬ ಹೂವಿನ ಎಸಳು, ಮಹಾಪ್ರಭುವಿನ ಹೊಟ್ಟೆ ಕೂಡ ಸ್ವಲ್ಪ ಇಳಿದಿತ್ತು. ಕೊನೆಯ ಚಿತ್ರದಲ್ಲಿ ತಾಯಿ ತಿರುಗಿ ನಿಂತಿದ್ದಳು. ಮುಖ ಇತ್ತು. ಸುಕ್ಕಿಲ್ಲದ, ನಗುತ್ತಿರುವ, ಮೂವತ್ತರ ಮುಖ. ತ್ಸುಯಾಕೊ ಅದನ್ನು ಬಹಳ ಹೊತ್ತು ನೋಡಿದಳು. ಇಂಥ ಮುಖವನ್ನು ತಾನು ಬೇಡಿಕೊಂಡಿರಲಿಲ್ಲ ಎಂದು ದುಃಖವಾಯಿತು. ಆದರೂ ಪತ್ರಿಕೆಯನ್ನು ತಟ್ಟೆಯ ಪಕ್ಕ ಇಟ್ಟು, ಅಡುಗೆಮನೆಯಲ್ಲಿ ದೀಪವನ್ನೂ ಹಚ್ಚದೆ ಬಾಗಿಲಿಗೆ ಕಿವಿಯಾಗಿ ಕೂತಳು. ತಟ್ಟೆ ಒಳಗೆ ಹೋಯಿತು, ಹೊರಗೆ ಬಂತು. ಬಾಗಿಲು ಮುಚ್ಚಿಕೊಂಡಿತು.

ಆ ವಾರದ ರದ್ದಿ ದಿನ ಅವಳಿಗೆ ರಜೆ. ಪತ್ರಿಕೆಗಳ ಕಟ್ಟನ್ನು ಕೆಳಗಿಳಿಸುವಾಗ ನೆಲಮಹಡಿಯ ಹಿರಾಯಿದೆ ಎಂಬಾಕೆ ಅಂಗಳ ಗುಡಿಸುತ್ತಿದ್ದಳು. ಬೆಳಗಾಗುವ ಮೊದಲೇ ಪೊರಕೆ ಹಿಡಿಯುವ ಹೆಂಗಸು. ಬಾಯಿ ಚುರುಕು, ಮನಸ್ಸು ಮೆತ್ತಗೆ. ಕಟ್ಟಿಗೆ ಒಂದು ಕೈ ಹಾಕಿದವಳು, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

"ಮಿನೆಗಿಶಿ ಅವ್ರೆ, ತಪ್ಪು ತಿಳ್ಕೋಬೇಡಿ. ಸೆಂದಾಯಿಯವ್ರು ಚೆನ್ನಾಗಿದಾರಾ? ಈಚೆಗೆ ಕಾಣ್ತಾನೇ ಇಲ್ವಲ್ಲ."

"ಕಾಣೋದು ಅಂದ್ರೆ?"

"ಮಂಗಳವಾರ ಹೊತ್ತು ಹುಟ್ಟೋಕೆ ಮುಂಚೆ ಬರ್ತಿದ್ರಲ್ರೀ, ನೀವು ಕೆಲ್ಸಕ್ಕೆ ಹೋದ ಮೇಲೆ. ಗೇಟಿನ ಹತ್ರ ಅಂಚೆ ಡಬ್ಬಿ ತನಕ. ಒಂದು ಕಾರ್ಡು ಹಾಕಿ, ಒಂದ್ ಗಳಿಗೆ ಆಕಾಶ ನೋಡ್ಕೊಂಡು ನಿಂತು, ವಾಪಸ್ ಹೋಗೋರು. ವಾರ ತಪ್ಪಿಸ್ತಿರ್ಲಿಲ್ಲ. ಹೋದ ಚಳಿಗಾಲ ಮಂಜು ಬಿದ್ದಾಗ ನನ್ನ ಪೊರಕೆ ಇಸ್ಕೊಂಡು ಮೆಟ್ಲೆಲ್ಲ ಗುಡಿಸಿಕೊಟ್ರು. ನೀವು ಜಾರಿ ಬೀಳ್ಬಾರ್ದು ಅಂದ್ರು. ಚೆರ್ರಿ ಬಿಟ್ಟಾಗಿಂದ ಪತ್ತೇನೇ ಇಲ್ಲ. ನಿಮ್ಗೆ ಗೊತ್ತಿರತ್ತೆ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಚೆರ್ರಿ ಬಿಟ್ಟಾಗಿಂದ. ತ್ಸುಯಾಕೊ ಕಟ್ಟನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಬಾಗಿಲ ಬಳಿ ಸತ್ತ ಗಂಡನ ಹಳೆಯ ಚಪ್ಪಲಿ ಇದ್ದವು. ಹೊರಗಿನವರಿಗೆ ಗಂಡು ದಿಕ್ಕಿದೆ ಎಂದು ಕಾಣಲಿ ಎಂದು ಇಟ್ಟಿದ್ದಳು. ತಿರುವಿ ನೋಡಿದಳು. ಅಟ್ಟೆಯ ಸಂದಿನಲ್ಲಿ ಒಣಗಿದ ಮಣ್ಣು, ಅದರಲ್ಲಿ ಕಂದಿಹೋದ ಒಂದು ಹೂವಿನ ಎಸಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗನಿಗೆ ಲೋಕಕ್ಕೆ ಉಳಿದಿದ್ದ ಒಂದೇ ದಾರಿ ಆ ಕಾರ್ಡು, ಅದನ್ನು ವಾರ ವಾರ ಕತ್ತರಿ ಹಿಡಿದು ಕತ್ತರಿಸಿದವಳು ಹೆತ್ತ ತಾಯಿ.

ಅವಳು ಒಳಕೋಣೆಯ ಬಾಗಿಲ ಮುಂದೆ ಮೊಣಕಾಲೂರಿ ಕೂತಳು. ಹಣೆ ನೆಲಕ್ಕೆ ತಾಗಿತು.

"ನೊಬು, ಕಾರ್ಡು ತೆಗ್ದಿದ್ದು ನಾನು. ನೀನು ಹಾಕ್ತೀಯ ಅಂತ ಗೊತ್ತಿರ್ಲಿಲ್ಲ ಮಗಾ. ಆ ಕಥೆ ಉಳೀಲಿ ಅಂತ ನಾನೇ ಹಾಕ್ತಿದ್ದೆ. ಇನ್ಮೇಲೆ ಮುಟ್ಟಲ್ಲ. ಆಣೆ."

ಒಳಗೆ ಏನೋ ಸರಿದಾಡಿತು. ಎಷ್ಟೋ ವರ್ಷಗಳ ಮೇಲೆ ಕೇಳಿದ ದನಿ; ಅವಳು ನೆನಪಿಟ್ಟುಕೊಂಡಿದ್ದ ಹುಡುಗನದಲ್ಲ, ತೀರಿಹೋದ ಅಪ್ಪನದೇ ದನಿ.

"ನೀನೇ ಕತ್ತರಿಸ್ತೀಯ ಅಂತ ಗೊತ್ತಿತ್ತಮ್ಮ. ನಾನು ಹೊರಗೆ ಹೋಗೋದು ನಿಂಗೆ ಗೊತ್ತಾಗಿದೆ, ಯಾರಾದ್ರೂ ನೋಡಿಬಿಡ್ತಾರೆ, ಸೆಂದಾಯಿ ಮಾತು ಸುಳ್ಳಾಗತ್ತೆ, ಅದಕ್ಕೇ ತೆಗೀತಿದೀಯ ಅಂದ್ಕೊಂಡೆ. ನಿಂಗೆ ನಾಚ್ಕೆ ಆಗೋದು ಬೇಡ ಅಂತ ಬಿಟ್ಟೆ."

"ಅಯ್ಯೋ, ಇಲ್ವೋ ಕಂದ..."

"ಪರವಾಗಿಲ್ಲ ಬಿಡು. ಈಗ ಮೆಟ್ಲು ನೆನೆಸ್ಕೊಂಡ್ರೇ ಎದೆ ಹೊಡ್ಕೊಳತ್ತೆ. ಇನ್ನು ಆಗಲ್ಲಮ್ಮ."

ಅವಳು ಏನೇನೋ ಹೇಳಿದಳು. ಸೆಂದಾಯಿ ಹಾಳಾಗಿ ಹೋಗಲಿ ಎಂದಳು, ಕೈ ಹಿಡಿದು ಜೊತೆಗೆ ಬರುತ್ತೇನೆ ಎಂದಳು, ಇಡೀ ಕಟ್ಟಡಕ್ಕೆ ತಾನೇ ಹೋಗಿ ನಿಜ ಹೇಳಿ ಬರುತ್ತೇನೆ ಎಂದಳು. ಕೆಳಗೆ ರದ್ದಿ ಲಾರಿ ಹಾಡು ಹಾಕಿಕೊಂಡು ಬಂದು, ಹೋಯಿತು.

ಮುಂದಿನ ಸೋಮವಾರ ಅವಳು ಪತ್ರಿಕೆಯನ್ನು ತೆರೆಯಲೂ ಇಲ್ಲ. ಕಾರ್ಡಿರುವ ಹಾಗೆಯೇ ತಟ್ಟೆಯ ಪಕ್ಕ ಇಟ್ಟಳು. ಮಂಗಳವಾರ ಕಾರ್ಖಾನೆಗೆ ಜ್ವರವೆಂದು ಸುಳ್ಳು ಹೇಳಿ, ಎದ್ದು ಹೊರಟವಳ ಹಾಗೆ ಹೊರಬಾಗಿಲು ಸದ್ದು ಮಾಡಿ ಎಳೆದು, ಚಪ್ಪಲಿ ಬಿಡುವ ಜಾಗದ ಕತ್ತಲಲ್ಲಿ ಉಸಿರು ಹಿಡಿದು ನಿಂತಳು. ಒಳಬಾಗಿಲು ಸರಿದ ಸದ್ದಾಯಿತು. ಹೆಜ್ಜೆ ಬರಲಿಲ್ಲ. ತಟ್ಟೆ ನೆಲಕ್ಕೆ ತಾಗಿದ ಸದ್ದು, ಮತ್ತೆ ಬಾಗಿಲು.

ಹೋಗಿ ನೋಡಿದಳು. ಖಾಲಿ ತಟ್ಟೆಯ ಮೇಲೆ ಕಾರ್ಡು ಇತ್ತು. ನೀಟಾಗಿ ಕತ್ತರಿಸಿ, ಮೂರು ಕಥೆಗೆ ಗುರುತು ಹಾಕಿ, ಅಂಚೆ ಚೀಟಿಯನ್ನೂ ಅಂಟಿಸಿ, ಅವಳು ಹಾಕಿ ಬರಲಿ ಎಂದು ಇಟ್ಟಿದ್ದ.

ತ್ಸುಯಾಕೊ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದಳು. ಹಿರಾಯಿದೆ ಪೊರಕೆ ನಿಲ್ಲಿಸಿ, ನೋಡಿಯೂ ನೋಡದ ಹಾಗೆ ಬೆನ್ನು ತಿರುಗಿಸಿದಳು. ಕಾರ್ಡು ಡಬ್ಬಿಯೊಳಗೆ ಬಿತ್ತು. ಅವಳು ಅಲ್ಲೇ ಒಂದು ಗಳಿಗೆ ನಿಂತು, ಮಗ ನೋಡುತ್ತಿದ್ದ ಆಕಾಶದ ಕಡೆ ತಲೆಯೆತ್ತಿದಳು. ಅವರದೇ ಮನೆಯ ಕಿಟಕಿ ಎದುರಿಗೇ ಕಾಣುತ್ತಿತ್ತು. ಗೇಟಿನಿಂದ ಅಲ್ಲಿಗೆ ಏನೂ ದೂರವಿರಲಿಲ್ಲ.