ಮಿಸ್ತ್ರಿ ಕಾಕಾನ ನಾಲಿಗೆ

ಮೊನ್ನೆ ಮಗಳ ರೇಷ್ಮೆ ಸೀರೆಗೆ ಬಿದ್ದ ಎಣ್ಣೆಯ ಕಲೆ ತೆಗೆಯಲೆಂದು ಚೂರು ಪೆಟ್ರೋಲು ತರಿಸಿದ್ದೆ. ಸೀಸೆಯ ಬಿರಡೆ ತೆಗೆದೆನೋ ಇಲ್ಲವೋ, ಸೀರೆ ಅಲ್ಲೇ ಉಳಿಯಿತು. ಆ ವಾಸನೆಗೆ ನಾನು ಬೈಲಹೊಂಗಲದ ತವರಿನ ಹಿತ್ತಿಲಿಗೆ ಹೋಗಿಬಿಟ್ಟೆ. ಅದರ ಗೋಡೆಯಾಚೆಗೇ ಮಿಸ್ತ್ರಿ ಕಾಕಾನ ಗ್ಯಾರೇಜು ಇತ್ತು...

ಎಪ್ಪತ್ತರ ದಶಕದ ಮಾತು. ಕಾಕಾನ ಬಳಿ ಬಾಡಿಗೆಗೆ ಬಿಡುವ ಒಂದು ಕಾರಿತ್ತು, ಬ್ರಿಟಿಷರ ಕಾಲದ ಮುದುಕಿ. ಬೇಸಿಗೆ ಬಂತೆಂದರೆ ಅದಕ್ಕೆ ಒಂದೇ ರೋಗ. ಎಂಜಿನ್ನಿನ ಝಳಕ್ಕೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ, ಪಂಪು ಬರೀ ಗಾಳಿ ಎಳೆದು, ಕಾರು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಆಗ ಪಂಪಿಗೆ ಒದ್ದೆ ಅರಿವೆ ಸುತ್ತಿ, ಅದು ತಣಿಯುವತನಕ ಬೇವಿನ ನೆರಳಲ್ಲಿ ಕೂರಬೇಕು. ಎಲ್ಲ ಡ್ರೈವರರೂ ಹಾಗೇ ಮಾಡುತ್ತಿದ್ದರು, ಕಾಕಾನೂ ಸಹ.

ಆ ವರ್ಷ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಕೂಸು ಅಡ್ಡ ಮಲಗಿದೆ, ನೋವು ಶುರುವಾದೊಡನೆ ಧಾರವಾಡಕ್ಕೆ ಒಯ್ಯಿರಿ, ತಡವಾದರೆ ಇಬ್ಬರಿಗೂ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ದಿನ ತುಂಬುವುದೋ ಕಡುಬೇಸಿಗೆಗೆ. ಅವ್ವ ಅಳುತ್ತ ಗೋಡೆಯಾಚೆ ಇದನ್ನು ಹೇಳಿದಳು. ಕಾಕಾ ಮರುದಿನವೇ ಪಂಪು ಬಿಚ್ಚಿಕೊಂಡು ಕೂತ.

ಪೆಟ್ರೋಲು ಎಳೆಯುವ ಒಳಗಿನ ಪಡದೆಗೆಂದು ಎಷ್ಟು ಥರದ ಅರಿವೆ ಕತ್ತರಿಸಿ ನೋಡಿದನೋ! ಪ್ರತಿ ಸಲವೂ ಪಂಪಿನ ಸನ್ನೆಕೋಲು ಒತ್ತಿ, ಅದರ ಬಾಯಿಗೆ ನಾಲಿಗೆ ಹಚ್ಚುತ್ತಿದ್ದ. ಪಂಪು ನಾಲಿಗೆಯನ್ನು ಹಿಡಿದೆಳೆದರೆ ಪಡದೆ ಗಟ್ಟಿ. ಸಡಿಲ ಬಿಟ್ಟರೆ ಬಾಯಿಗೆ ಬಂದ ಪೆಟ್ರೋಲನ್ನು ಥೂ ಎಂದು ಉಗುಳಿ ಮತ್ತೆ ಬಿಚ್ಚುವುದು. ಎಂಜಿನ್ನಿಗೂ ಪಂಪಿಗೂ ನಡುವೆ ಎಣ್ಣೆ ಡಬ್ಬಿಯ ತಗಡನ್ನು ಮರೆ ಮಾಡಿದ. ಆಮೇಲೆ ಸುಡುವ ಮಧ್ಯಾಹ್ನವನ್ನೇ ಆರಿಸಿ ಓಡಿಸಿ ನೋಡುವುದು. ಮೊದಲ ಸಲ ದೊಡವಾಡದ ದಾರಿಯಿಂದ ಎತ್ತುಗಳು ಕಾರನ್ನು ಎಳೆದುಕೊಂಡು ಬಂದವು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಅಳು ಬಂತು.

"ಅಂಜಬ್ಯಾಡ ತಂಗಿ, ಇನ್ನೂ ದಿನಾ ಅದಾವ," ಅಂದ ಕಾಕಾ.

ಅಂಥ ಹಟಮಾರಿಯನ್ನು ನಾನು ಮತ್ತೆ ಕಂಡಿಲ್ಲ. ಕೊನೆಗೊಂದು ದಿನ ಕಾರನ್ನು ಸವದತ್ತಿಯ ಗುಡ್ಡ ಹತ್ತಿಸಿ ಬಂದು, ಪಂಪಿಗೆ ಸುತ್ತಲು ಒಯ್ದಿದ್ದ, ಒದ್ದೆ ಮಾಡುವ ಪ್ರಸಂಗವೇ ಬಾರದ ಒಣ ಅರಿವೆಯನ್ನು ಗೋಡೆಯ ಮೇಲಿಂದ ಝಾಡಿಸಿ ತೋರಿಸಿದ.

ನೋವು ಬಂದದ್ದೂ ಮಟಮಟ ಮಧ್ಯಾಹ್ನವೇ. ಧಾರವಾಡದ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ನಾನು ಕಾಕಾನ ಪಕ್ಕದಲ್ಲಿದ್ದ ಆ ಅರಿವೆಯನ್ನೇ ನೋಡುತ್ತಿದ್ದೆ. ಅದು ಒಣಗಿಯೇ ಇತ್ತು. ಕಾರು ಎಲ್ಲಿಯೂ ನಿಲ್ಲಲಿಲ್ಲ. ಮಗಳು ಹುಟ್ಟಿದಳು, ನಾನೂ ಉಳಿದೆ.

ಊರಿಗೆ ಬಂದ ಮೇಲೆ ಮೊದಲ ಪೇಢೆಯನ್ನು ಕಾಕಾನ ಕೈಗೇ ಕೊಟ್ಟೆ. ಕಣ್ಣು ಮುಚ್ಚಿ, ನಿಧಾನಕ್ಕೆ ತಿಂದ.

"ಭಾಳ ಸಿಹಿ ಐತಿ ತಂಗಿ," ಅಂದ.

ಎಷ್ಟೋ ವರ್ಷಗಳ ಮೇಲೆ, ಕಾಕಾ ತೀರಿಕೊಂಡನೆಂದು ಮಾತಾಡಿಸಲು ಹೋದಾಗ ಅವನ ಹೆಂಡತಿ ಕಾಕು ನನ್ನ ಕೈ ಹಿಡಿದು ಹೇಳಿದಳು: "ಪಂಪಿಗೆ ಹಚ್ಚಿ ಹಚ್ಚಿ ಅವರ ನಾಲಿಗಿ ಸತ್ತಹೋಗಿತ್ತವ್ವಾ. ನೀ ಹಡದ ಬ್ಯಾಸಿಗ್ಯಾಗನ ಉಪ್ಪು, ಸಿಹಿ ಒಂದೂ ತಿಳೀತಿದ್ದಿಲ್ಲ. ನಿನಗ ಹೇಳಬ್ಯಾಡ ಅಂದಿದ್ರು."

ಸೀರೆಯ ಕಲೆ ಹೋಯಿತು. ವಾಸನೆ ಬೆರಳಿನಲ್ಲೇ ಉಳಿಯಿತು. ಮಗಳು ಧಾರವಾಡದಿಂದ ತಂದಿದ್ದ ಪೇಢೆ ಒಂದನ್ನು ಬಾಯಿಗಿಟ್ಟುಕೊಂಡೆ. ಭಾಳ ಸಿಹಿ ಇತ್ತು ಕಾಕಾ... ನಿನಗೇ ತಿಳಿಯಲಿಲ್ಲ.