ಮಂಜಿನಲ್ಲಿ ಮೈಕ್ ಗಾಡಿ

ನಮ್ಮ ಕಡೆಯ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಸಂಕ್ರಾಂತಿ ಕಳೆದ ಮೇಲಿನ ಬೆಳಗ್ಗೆಗಳಲ್ಲಿ ಬಾಟಲಿಯ ತೆಂಗಿನೆಣ್ಣೆ ಹೆಪ್ಪುಗಟ್ಟಿ ಹೋಗುತ್ತಿತ್ತು. ತಲೆಗೆ ಹಚ್ಚಬೇಕಾದರೆ ಒಲೆಯ ಬದಿಯಲ್ಲಿಟ್ಟು ಕಾಯಬೇಕು. ಅಂಥ ಬೆಳಗ್ಗೆ ಹಳೆಯ ಗಾಡಿಯೊಂದನ್ನು ಸ್ಟಾರ್ಟ್ ಮಾಡಿ ನೋಡಿದವರು ಮತ್ತೆ ನಗುವುದಿಲ್ಲ.

ಗಾಡಿ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಬಂಟ್ವಾಳದಲ್ಲಿ ಅವರಿಗೆ ಮೈಕ್ ಸೆಟ್ಟಿನ ವ್ಯವಹಾರ. ಮದುವೆಯೋ, ಭೂತದ ಕೋಲವೋ, ಶಾಲೆಯ ವಾರ್ಷಿಕೋತ್ಸವವೋ, ಕರೆದಲ್ಲಿಗೆ ಹೋಗಿ ಸ್ಪೀಕರ್ ಕಟ್ಟಿ ಗ್ರಾಮಫೋನಿನ ಪ್ಲೇಟು ಹಾಕುವುದು ನಮ್ಮ ಕೆಲಸ. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಳ್ಳಿಯ ಮನೆಯಂಗಳದಲ್ಲಿ ಮೈಕ್ ಕೂಗಿದರೆ ಮದುವೆಗೆ ಮರ್ಯಾದೆ ಬಂತು ಎಂದು ಲೆಕ್ಕ. ಗಾಡಿ ಮಾತ್ರ ಎರಡನೇ ಮಹಾಯುದ್ಧದ ಕಾಲದ್ದು. ಮಿಲಿಟರಿಯವರು ಆಂಬುಲೆನ್ಸ್ ಎಂದು ಬಳಸಿ ಬಿಸಾಡಿದ್ದು, ಯಾರ್ಯಾರದೋ ಕೈ ದಾಟಿ ಭಾವನ ಕೈಗೆ ಬಂದಿತ್ತು. ಗಾಯಾಳುಗಳನ್ನು ಮಲಗಿಸುವ ಕಬ್ಬಿಣದ ಚೌಕಟ್ಟುಗಳು ಎರಡೂ ಬದಿಯಲ್ಲಿ ಹಾಗೇ ಉಳಿದಿದ್ದವು. ಅವಕ್ಕೆ ಹಲಗೆ ಹಾಕಿ, ಹಾಸಿಗೆ ಬಿಡಿಸಿ, ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು ಮಲಗುತ್ತಿದ್ದೆವು. ನಡುವೆ ಸೀಮೆಎಣ್ಣೆ ಸ್ಟವ್, ಗಂಜಿಯ ಪಾತ್ರೆ, ಪ್ಲೇಟಿನ ಪೆಟ್ಟಿಗೆ. ಒಂದು ಕಾರ್ಯಕ್ರಮ ಮುಗಿಸಿ ಮನೆಗೆ ಬಾರದೆ ಇನ್ನೊಂದಕ್ಕೆ ಹೋಗುವ ತಿಂಗಳುಗಳಲ್ಲಿ ಅದೇ ನಮ್ಮ ಮನೆ. ಅಕ್ಕ ಅದನ್ನು ಬಿಡಾರ ಎನ್ನುತ್ತಿದ್ದಳು.

ಆಂಪ್ಲಿಫಯರ್ ನನ್ನ ಕೈಯಲ್ಲಿ, ಸ್ಟೇರಿಂಗ್ ಭಾವನ ಕೈಯಲ್ಲಿ. ಆ ಸ್ಟೇರಿಂಗನ್ನು ಅವರು ನನಗೆ ಕೊಟ್ಟವರೇ ಅಲ್ಲ. ಮದುವೆ ಮನೆಗಳ ಅಂಗಳದಲ್ಲಿ ಗಾಡಿಯನ್ನು ಹಿಂದೆ ಮುಂದೆ ಮಾಡಲು ಬಿಡುತ್ತಿದ್ದರು, ರಸ್ತೆಗೆ ಬಂದ ಕೂಡಲೇ "ಏಳು, ಏಳು" ಎಂದು ಎಬ್ಬಿಸುತ್ತಿದ್ದರು. ಅವರು ಓಡಿಸುವ ಚಂದವೋ! ತಲೆಯಲ್ಲಿ ಸೌದೆ ಹೊತ್ತವರು ನಮ್ಮನ್ನು ದಾಟಿ ಹೋಗಿ ತಿರುಗಿ ನೋಡುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇದ್ದ ವಯಸ್ಸು.

"ಭಾವ, ಇಳಿದು ನಡೆಯುವನಾ? ಬೇಗ ಮುಟ್ಟಬಹುದು," ಎಂದು ಕೆಣಕುತ್ತಿದ್ದೆ.

"ಗಾಡಿಗೆ ಪ್ರಾಯ ಆಯ್ತು ಮಾರಾಯ. ಇದನ್ನು ಓಡಿಸ್ಲಿಕ್ಕಿಲ್ಲ, ನಡೆಸ್ಬೇಕು," ಎನ್ನುತ್ತಿದ್ದರು ಅವರು.

ಆ ದಿನ ಬೆಳ್ತಂಗಡಿಯ ಹತ್ತಿರದ ಶಾಲೆಯೊಂದರ ಮೈದಾನದಲ್ಲಿ ಎದ್ದೆವು. ಹಿಂದಿನ ದಿನ ಅಲ್ಲಿ ವಾರ್ಷಿಕೋತ್ಸವ ಮುಗಿಸಿದ್ದೆವು. ಈ ದಿನ ಮೂಡುಬಿದಿರೆಯ ಆಚೆ ಬೆಳುವಾಯಿಯಲ್ಲಿ ಮದುವೆ. ಮುಹೂರ್ತಕ್ಕೆ ಮೊದಲು ಸ್ಪೀಕರ್ ಕಟ್ಟಿ ಆಗಲೇಬೇಕು. ಚಳಿಗೆ ಗಾಡಿ ಮುನಿಸಿಕೊಂಡಿತ್ತು. ಸ್ಟವ್ ಹಚ್ಚಿ ಮೊದಲು ರೇಡಿಯೇಟರಿಗೆ ಬಿಸಿನೀರು, ಉಳಿದದ್ದರಲ್ಲಿ ನಮಗೆ ಬೆಲ್ಲದ ಕಾಫಿ. ಎದುರಿನಿಂದ ಹ್ಯಾಂಡಲ್ ತುರುಕಿ ತಿರುಗಿಸುವುದು ನನ್ನ ಪಾಲು. ಅದು ಒಮ್ಮೊಮ್ಮೆ ತಿರುಗಿ ಒದೆಯುತ್ತದೆ, ಎಮ್ಮೆಗಿಂತ ಜೋರು. ಬೈದು, ಬೇಡಿ, ಮತ್ತೆ ಬೈದು ಅಂತೂ ಹೊರಟೆವು.

ಗುರುವಾಯನಕೆರೆ ದಾಟಿ ವೇಣೂರಿನ ಕಡೆ ತಿರುಗಿದ ಮೇಲೆ ಮಂಜು ಸಿಕ್ಕಿತು. ಕಷ್ಟ ಮಂಜಿನ ಹಾಗೆ ಕರಗಿತು ಎಂದು ಗಾದೆ ಕಟ್ಟಿದವರು ಹೊಳೆ ಬದಿಯ ಆ ರಸ್ತೆಗೆ ಬಂದಿರಲಿಕ್ಕಿಲ್ಲ. ಗಾಡಿಯ ಮೂತಿಯೇ ಕಾಣುತ್ತಿರಲಿಲ್ಲ. ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ. ಒತ್ತಿ ಊದುವ ರಬ್ಬರಿನ ಹಾರ್ನು ಚಳಿಗೆ ಸೀಳಿ ಹೋಗಿ ಬರೀ ಗಾಳಿ ಬಿಡುತ್ತಿತ್ತು.

"ಮೈಕ್ ಉಂಟಲ್ಲ," ಎಂದರು ಭಾವ.

ಸ್ಪೀಕರೊಂದು ಗಾಡಿಯ ಮಾಡಿನ ಮೇಲೆ ಕಟ್ಟಿಯೇ ಇತ್ತು. ಬ್ಯಾಟರಿಗೆ ವಯರ್ ಕೊಟ್ಟು, ಮೈಕ್ ಹಿಡಿದು ಅವರ ಎಡಬದಿಗೆ ಕುಳಿತು ಕೂಗಲು ಶುರು ಮಾಡಿದೆ: "ಗಾಡಿ ಬರ್ತಾ ಉಂಟು! ಬದಿಗೆ ನಿಲ್ಲಿ! ಗಾಡಿ ಬರ್ತಾ ಉಂಟು!"

ಮಂಜಿನೊಳಗಿನಿಂದ ಉತ್ತರ ಬರತೊಡಗಿತು. ಯಾರೋ ಕೆಮ್ಮಿ "ನಿಂತಿದ್ದೇವೆ, ಹೋಗಿ" ಎಂದರು. ಒಬ್ಬಳು ಅಜ್ಜಿ ಮಾತ್ರ ಕಿಟಕಿಯ ಬುಡದಲ್ಲೇ ಕೇಳಿದಳು: "ಯಾರ ಮದುವೆಯಪ್ಪಾ? ನಮಗೆ ಹೇಳಿಕೆಯೇ ಬರ್ಲಿಲ್ಲ!" ನಾನು ನಕ್ಕದ್ದು ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿತು.

ಆಮೇಲೆ ಭಾವ ಎಡದ ಅಂಚು ಎಷ್ಟುಂಟು ಹೇಳುತ್ತಾ ಇರು ಎಂದರು. ಮೈಕ್ ಕೈಯಲ್ಲೇ ಇದ್ದುದರಿಂದ ಅದನ್ನೂ ಮೈಕಿನಲ್ಲೇ ಹೇಳಿದೆ: "ಭಾವ, ಎಡಕ್ಕೆ ಚರಂಡಿ, ಸ್ವಲ್ಪ ಬಲಕ್ಕೆ. ಇಲ್ಲಿ ದರೆ ಉಂಟು, ಮೆಲ್ಲ. ಈಗ ನೇರ, ನೇರ." ಹೊಳೆಯ ಆಚೆ ದಡದವರಿಗೂ ನಮ್ಮ ರಸ್ತೆಯ ವರ್ತಮಾನ ಮುಟ್ಟುತ್ತಿತ್ತು. ಭಾವ ಎಷ್ಟು ಚೆನ್ನಾಗಿ ಓಡಿಸಿದರೆಂದರೆ, ನಾನು ಅಷ್ಟರವರೆಗೆ ಕೆಣಕಿದ್ದನ್ನೆಲ್ಲ ನುಂಗಿಕೊಂಡೆ. ನಾನು ಚರಂಡಿ ಎಂದ ಕ್ಷಣ ಚಕ್ರ ಬೇಕಾದಷ್ಟೇ ಸರಿಯುತ್ತಿತ್ತು.

ವೇಣೂರು ದಾಟಿ ರಸ್ತೆ ಏರಿದಾಗ ಮಂಜು ಕೆಳಗೇ ಉಳಿಯಿತು. ಒಮ್ಮೆಲೇ ಬಿಸಿಲು. ಸುಗ್ಗಿಯ ಪೈರು ಕೊಯ್ದ ಗದ್ದೆಗಳು, ಹುಲ್ಲಿನ ಮೇಲೆ ನೀರಹನಿ, ಮುಂದೆ ನೇರ ರಸ್ತೆ, ರಸ್ತೆಯಲ್ಲಿ ಒಂದು ಬೈಹುಲ್ಲಿನ ಎತ್ತಿನ ಗಾಡಿ. ಗೆದ್ದೆವು ಎಂದು ಉಸಿರು ಬಿಟ್ಟು, ಬ್ಯಾಟರಿ ಉಳಿಯಲಿ ಎಂದು ಮೈಕ್ ಬಂದ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಭಾವ ಕೇಳಿದರು, "ಯಾಕೆ ಸುಮ್ಮನಾದದ್ದು? ಮೈಕ್ ಕೈ ಕೊಟ್ಟಿತಾ?"

"ಮಂಜು ಹೋಯ್ತಲ್ಲ ಭಾವ."

ಗಾಡಿ ಅದೇ ನಡಿಗೆಯಲ್ಲಿ ಹೋಗುತ್ತಿತ್ತು, ಎತ್ತಿನ ಗಾಡಿ ಹತ್ತಿರವಾಗುತ್ತಿತ್ತು. ಭಾವ ಬದಿಗೆ ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿಲ್ಲ. ಹುಲ್ಲಿನ ಎಳೆಗಳು ಬೇರೆ ಬೇರೆಯಾಗಿ ಕಾಣುವಷ್ಟು ಹತ್ತಿರ ಬಂದಾಗ ನಾನು ಕಿರುಚಿ ಹ್ಯಾಂಡ್ ಬ್ರೇಕಿಗೆ ಜೋತುಬಿದ್ದೆ. ನಮ್ಮ ಗಾಡಿ ಹುಲ್ಲಿನ ಹೊರೆಯೊಳಗೆ ಮೂತಿ ತೂರಿಸಿ ನಿಂತಿತು. ಗಾಜಿನ ತುಂಬ ಹುಲ್ಲು. ಎತ್ತುಗಳು ಎರಡು ಹೆಜ್ಜೆ ಮುಂದೆ ಹೋಗಿ ತಾವಾಗಿಯೇ ನಿಂತವು. ಯಾರಿಗೂ ಏನೂ ಆಗಲಿಲ್ಲ. ಹೋದ ಜೀವ ಬಂದ ಹಾಗಾಯಿತು.

ಎತ್ತಿನ ಗಾಡಿಯವನು ಇಳಿದು ಬಂದು ಬೈದ. ಬೈಯಬೇಕಾದದ್ದೇ. "ಇಷ್ಟು ದೊಡ್ಡ ಹುಲ್ಲಿನ ಮೆದೆ ಕಾಣುದಿಲ್ವಾ ನಿಮಗೆ? ಕಣ್ಣು ಎಲ್ಲಿ ಉಂಟು?"

"ಕಾಣುದಿಲ್ಲ," ಎಂದರು ಭಾವ.

ಭಾವ ಇಳಿದು ರಸ್ತೆ ಬದಿಯ ಮಣ್ಣಿನ ದರೆಯ ಬುಡದ ಮುರಕಲ್ಲಿನ ಮೇಲೆ ಕುಳಿತು ಮುಖ ಒರೆಸಿಕೊಂಡರು.

"ನನಗೆ ಈ ಮಂಜು ಎರಡು ವರ್ಷದಿಂದ ಉಂಟು ಮಾರಾಯ. ಬಿಸಿಲಿಗೆ ಇನ್ನೂ ಕಷ್ಟ, ಎಲ್ಲ ಬೆಳ್ಳಗೆ. ರಸ್ತೆ ಬಾಯಿಪಾಠ ಉಂಟು, ತಿರುವು ಗೊತ್ತುಂಟು. ರಸ್ತೆಯಲ್ಲಿ ಹೊಸತು ಏನಾದ್ರೂ ಬಂದ್ರೆ ಮಾತ್ರ..." ಎಂದು ನಿಲ್ಲಿಸಿದರು. ಆಮೇಲೆ, "ನನ್ನ ಸೋದರಮಾವನಿಗೂ ಹೀಗೇ ಆಗಿತ್ತು. ಯಾರೋ ಊರೂರು ತಿರುಗುವವ ಪೊರೆ ತೆಗಿತೇನೆ ಅಂತ ಇದ್ದ ಕಣ್ಣೂ ತೆಗ್ದ. ಅದಕ್ಕೆ ಹೆದರಿದೆ. ನಿನ್ನ ಅಕ್ಕನಿಗೂ ಗೊತ್ತಿಲ್ಲ. ದಿನಾ ಬೆಳಗ್ಗೆ ಈ ಸೀಟಿಗೆ ಹತ್ತುವಾಗ ಇವತ್ತು ಯಾರನ್ನು ಕೊಲ್ತೇನೋ ಅಂತ..."

ನನಗೆ ಬೆಂಕಿಯಂಥ ಕೋಪ ಬಂತು. ಅದೇ ಗಾಡಿಯಲ್ಲಿ ಅಕ್ಕನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೋಗಿದ್ದರಲ್ಲ! ಬೈಯಲು ಬಾಯಿ ತೆರೆದೆ. ಆದರೆ ಅವರ ಮುಖ ನೋಡಿದೆ. ಬೆಟ್ಟದಷ್ಟು ಹೊರೆ ಇಳಿಸಿ ಬೆನ್ನು ನೆಟ್ಟಗೆ ಮಾಡಿದ ಮನುಷ್ಯನ ಮುಖ ಅದು. ಅಷ್ಟು ಹಗುರವಾಗಿ ಅವರನ್ನು ನಾನು ನೋಡಿರಲಿಲ್ಲ. ಕೋಪ ಉಳಿಯಲಿಲ್ಲ, ಎಲ್ಲಿಗೋ ಹೋಯಿತು.

"ಬರುವ ವಾರವೇ ಮಂಗಳೂರಿಗೆ ಹೋಗುವ. ದೊಡ್ಡ ಡಾಕ್ಟರಿಗೆ ತೋರಿಸುವ," ಎಂದೆ.

"ಹೋಗುವ," ಎಂದರು, ಮರುಮಾತಿಲ್ಲದೆ.

ಹೋದೆವು ಕೂಡ. ಆಪರೇಷನ್ ಆಯಿತು, ಬಾಟಲಿಯ ಬುಡದಂಥ ದಪ್ಪ ಕನ್ನಡಕ ಬಂತು. ಮನೆಗೆ ಬಂದವರೇ ನನ್ನ ಅಕ್ಕನನ್ನು ನೋಡಿ, "ನಿನ್ನ ತಲೆ ಯಾವಾಗ ನೆರೆತದ್ದು?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡರು. ಅದೆಲ್ಲ ಆಮೇಲಿನ ಮಾತು.

ಆಗ ನಮ್ಮ ಮುಂದೆ ಇದ್ದದ್ದು ಬೆಳುವಾಯಿ. ಗಾಡಿಯವನೊಡನೆ ಸೇರಿ ಚದುರಿದ ಹುಲ್ಲನ್ನು ಹೇರಿ ಕಟ್ಟಿದೆವು. ಅವನು ಭಾವನ ಕೈ ಹಿಡಿದು ಅತ್ತ ಕಡೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಹತ್ತಿಸಿದ. ನಾನು ಸ್ಟೇರಿಂಗ್ ಹಿಡಿದೆ. ಅಂಗಳ ದಾಟಿ ಓಡಿಸಿ ಗೊತ್ತಿಲ್ಲದವನು.

"ಭಾವ, ಈ ಏರಿಗೆ ಯಾವ ಗೇರು?"

"ಎರಡು. ಕ್ಲಚ್ ಪೂರ್ತಿ ಒತ್ತು. ಮುಂದೆ ಮೋರಿ ಉಂಟು, ನಡುವಿನಲ್ಲೇ ಹೋಗು."

ಮೋರಿ ದಾಟಿದೆ. ಮತ್ತೊಂದು ತಿರುವಿನಲ್ಲಿ ಇನ್ನೇನೋ ಕೇಳಿದೆ, ಉತ್ತರ ಬರಲಿಲ್ಲ. ಹೆದರಿ ನೋಡಿದರೆ ಭಾವ ಬಾಗಿಲಿಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದರು. ಮೊದಲ ಸಲ ರಸ್ತೆಗೆ ಇಳಿದವನ ಪಕ್ಕದಲ್ಲಿ ಯಾರಾದರೂ ನಿದ್ದೆ ಮಾಡುತ್ತಾರೆಯೇ! ಎಬ್ಬಿಸಲು ಮನಸ್ಸು ಬರಲಿಲ್ಲ. ಮೂಡುಬಿದಿರೆಯ ಪೇಟೆಯನ್ನು ದೇವರ ಮೇಲೆ ಭಾರ ಹಾಕಿ ಎರಡನೇ ಗೇರಿನಲ್ಲೇ ದಾಟಿದೆ.

ಬೆಳುವಾಯಿಯ ಮದುವೆ ಮನೆಗೆ ಮುಹೂರ್ತಕ್ಕೆ ಸ್ವಲ್ಪವೇ ಮೊದಲು ಮುಟ್ಟಿದೆವು. ಮಾಡಿನ ಮೇಲಿನ ಸ್ಪೀಕರನ್ನು ಇಳಿಸಿ ಮರಕ್ಕೆ ಕಟ್ಟಲು ಸಮಯ ಇರಲಿಲ್ಲ. ಅಲ್ಲೇ ತಿರುಗಿಸಿಟ್ಟು, ಭಾವನ ತಲೆಯ ನೇರ ಮೇಲಿನಿಂದಲೇ ಮೊದಲ ಪ್ಲೇಟು ಹಾಕಿದೆ. ನಾಗಸ್ವರ ಗದ್ದೆಯ ಆಚೆಯವರೆಗೆ ಮೊಳಗಿತು, ಚಪ್ಪರದ ಮಕ್ಕಳು ಕಿವಿ ಮುಚ್ಚಿಕೊಂಡರು. ಗಾಡಿಯ ತಗಡು ನಡುಗುತ್ತಿತ್ತು. ಮದುಮಗಳ ಅಜ್ಜಿ ಕಿಟಕಿಯಲ್ಲಿ ಇಣುಕಿ, "ಇವರಿಗೆ ಏನಾಗಿದೆ? ಸ್ವರ ಕಮ್ಮಿ ಮಾಡು ಮಗಾ," ಎಂದರು.

"ಬೇಡ ಅಜ್ಜಿ, ಏಳುದಿಲ್ಲ. ಎರಡು ವರ್ಷದ ನಿದ್ದೆ ಬಾಕಿ ಉಂಟು," ಎಂದೆ. ಹೇಳುವಾಗ ನನಗೇ ಅಳು ಬಂತು. ಪ್ಲೇಟು ಮುಗಿಯಿತು, ತಿರುಗಿಸಿ ಮತ್ತೊಂದು ಬದಿ ಹಾಕಿದೆ. ಭಾವ ಆ ಕಡೆಯಿಂದ ಈ ಕಡೆಗೆ ಮಗ್ಗುಲು ಸಹ ಬದಲಿಸಲಿಲ್ಲ.